ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ: ಕಾರೋ, ಬಸ್ಸೋ, ಕಟಮರಾನೋ?

ಪ್ರಶ್ನೆ:
ಸೆಪ್ಟೆಂಬರ್ ಕೊನೆಯಲ್ಲಿ ಇಬ್ಬರು ಆರು ದಿನಕ್ಕೆ ಕ್ರೊಯೇಷಿಯಾಕ್ಕೆ ಹೊರಟಿದ್ದೇವೆ. ಸ್ಪ್ಲಿಟ್‌ನಲ್ಲಿ ಇಳಿದು ಡುಬ್ರೊವ್ನಿಕ್‌ನಿಂದ ವಾಪಸ್, ನಡುವೆ ಒಂದು ದ್ವೀಪ. ನಮ್ಮದು ಸಿಂಗಲ್ ಎಂಟ್ರಿ (ಒಂದೇ ಸಲ ಒಳಗೆ ಬಿಡುವ) ಷೆಂಗೆನ್ ವೀಸಾ. ಒಂದು ದಿನ ಮೋಸ್ತಾರ್ ಸೇತುವೆ ನೋಡಿ ಬರಬಹುದಾ? ಕಾರು ಬಾಡಿಗೆಗೆ ತಗೊಳ್ಳೋದು ಒಳ್ಳೇದಾ?

ಉತ್ತರ 1:
ಮೋಸ್ತಾರ್ ಬೇಡ. ಅದಿರುವುದು ಬೋಸ್ನಿಯಾದಲ್ಲಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು ಷೆಂಗೆನ್; ಕ್ರೊಯೇಷಿಯಾ 2023ರ ಜನವರಿ 1ರಂದೇ ಅದನ್ನು ಸೇರಿದೆ, ಬೋಸ್ನಿಯಾ ಅದರಲ್ಲಿಲ್ಲ. ಗಡಿ ದಾಟಿದರೆ ನಿಮ್ಮ ಸಿಂಗಲ್ ಎಂಟ್ರಿ ಅಲ್ಲಿಗೆ ಮುಗಿಯಿತು, ವಾಪಸ್ ಒಳಗೆ ಬಿಡುವುದಿಲ್ಲ.

ರಸ್ತೆಯಲ್ಲೂ ಇದೇ ಅಪಾಯ ಇದೆ. ನೇಉಮ್ ಎಂಬಲ್ಲಿ ಬೋಸ್ನಿಯಾದ ಸಣ್ಣ ತುಂಡು ಸಮುದ್ರದವರೆಗೆ ಚಾಚಿಕೊಂಡಿದೆ, ಹಳೇ ಕರಾವಳಿ ರಸ್ತೆ ಅದರೊಳಗೇ ಹೋಗುತ್ತದೆ. ಅದನ್ನು ತಪ್ಪಿಸಲೆಂದೇ 2022ರ ಜುಲೈನಲ್ಲಿ 2.4 ಕಿ.ಮೀ. ಉದ್ದದ ಪೆಲ್ಯೆಶಾಟ್ಸ್ ಸೇತುವೆ ತೆರೆದರು. ಕಾರಾದರೆ ಮ್ಯಾಪ್‌ನಲ್ಲಿ ಸೇತುವೆಯ ದಾರಿಯನ್ನೇ ಆರಿಸಿ. ಬಸ್ಸಾದರೆ ಟಿಕೆಟ್ ತೆಗೆಯುವ ಮೊದಲೇ ಯಾವ ದಾರಿ ಅಂತ ಕೇಳಿ. ಡುಬ್ರೊವ್ನಿಕ್‌ಗೆ ರೈಲು ಇಲ್ಲ.

ನನ್ನ ಆಯ್ಕೆ ಕಟಮರಾನ್, ಅಂದರೆ ಜೋಡಿ ಒಡಲಿನ ವೇಗದ ದೋಣಿ. ಸ್ಪ್ಲಿಟ್‌ನಲ್ಲಿ ಎರಡು ರಾತ್ರಿ, ಕೋರ್ಚುಲಾ ದ್ವೀಪದಲ್ಲಿ ಒಂದು, ಉಳಿದದ್ದು ಡುಬ್ರೊವ್ನಿಕ್. ಸ್ಪ್ಲಿಟ್‌ನಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್‌ನ ಅರಮನೆಯೇ ಹಳೇ ಊರು. ಸುಮಾರು ಕ್ರಿ.ಶ. 305ರ ಹೊತ್ತಿಗೆ ಕಟ್ಟಿದ ಗೋಡೆಗಳೊಳಗೆ ಜನ ಈಗಲೂ ಸಂಸಾರ ಮಾಡಿಕೊಂಡಿದ್ದಾರೆ. ಕ್ರೈಸ್ತರನ್ನು ಹಿಂಸಿಸಿದ ಅವನ ಸಮಾಧಿಯೇ ಈಗ ಕೆಥೀಡ್ರಲ್. ನೆಲಮಾಳಿಗೆ ಬಿಡಬೇಡಿ. ಮೇಲಿದ್ದ ಕೋಣೆಗಳು ಅಳಿದರೂ ಅವುಗಳ ನಕ್ಷೆ ಅಲ್ಲಿ ಹಾಗೇ ಉಳಿದಿದೆ.

ಕೋರ್ಚುಲಾದ ಓಣಿಗಳನ್ನು ಗಮನವಿಟ್ಟು ನೋಡಿ. ಊರು ಮೀನಿನ ಮುಳ್ಳಿನ ಹಾಗಿದೆ. ಪಶ್ಚಿಮದ ಓಣಿಗಳು ನೇರ, ಬೇಸಿಗೆಯ ತಂಗಾಳಿ ಮಾಯೆಸ್ತ್ರಾಲ್ ಒಳಗೆ ಬರಲಿ ಅಂತ. ಪೂರ್ವದವು ಬಾಗಿವೆ, ಚಳಿಗಾಳಿ ಬೂರಾ ನುಗ್ಗದಿರಲಿ ಅಂತ. ಇಷ್ಟು ಬುದ್ಧಿವಂತಿಕೆಯಿಂದ ಹಾಕಿದ ಊರಿನ ನಕ್ಷೆ ಬಹಳ ಅಪರೂಪ.

ಉತ್ತರ 2:
ಕಟಮರಾನ್ ಸರಿ, ಆದರೆ ಗಾಳಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಬೂರಾ ಬೆಟ್ಟದಿಂದ ಧುಮುಕಿ ಬರುವ ಒಣಗಾಳಿ, ಯೂಗೊ ಆಗ್ನೇಯದಿಂದ ಅಲೆ ಎಬ್ಬಿಸುವ ತೇವದ ಗಾಳಿ. ಎರಡಕ್ಕೂ ಕಟಮರಾನ್ ರದ್ದಾಗಬಹುದು. ಆದ್ದರಿಂದ ವಿಮಾನದ ಹಿಂದಿನ ದಿನ ದ್ವೀಪದಲ್ಲಿ ಇರಬೇಡಿ. ರದ್ದಾದರೆ ಕಾರ್ ಫೆರಿ ಓಡುತ್ತಿದೆಯಾ ನೋಡಿ. ಕೋರ್ಚುಲಾದಿಂದ ಎದುರಿನ ಒರೆಬಿಚ್‌ಗೆ ದಾಟಿದರೆ ಪೆಲ್ಯೆಶಾಟ್ಸ್ ಪರ್ಯಾಯ ದ್ವೀಪದ ಮೇಲೆಯೇ ಡುಬ್ರೊವ್ನಿಕ್ ತಲುಪಬಹುದು, ಬೋಸ್ನಿಯಾ ಸಿಗುವುದಿಲ್ಲ.

ಕಟಮರಾನ್ ಟಿಕೆಟ್ ಆ ಹೊತ್ತಿನ ಪಯಣಕ್ಕೆ ಮಾತ್ರ, ಸೀಟು ತುಂಬಿದರೆ ಮುಗಿಯಿತು. ಕಾರಿಗೆ ಜಾಗವಿಲ್ಲ. ಬಸ್ಸಿನಲ್ಲಾದರೆ ಲಗೇಜಿಗೆ ಬೇರೆ ಹಣ ಕೇಳುತ್ತಾರೆ, ಯೂರೊ ಚಿಲ್ಲರೆ ಇರಲಿ. ದಕ್ಷಿಣಕ್ಕೆ ಹೋಗುವಾಗ ಸಮುದ್ರ ಬಲಗಡೆ.

ಕಾರಿನ ಪರವಾಗಿಯೂ ಒಂದು ಮಾತು: ದಾರಿಯಲ್ಲಿ ಸ್ತೋನ್ ಸಿಗುತ್ತದೆ. ಉಪ್ಪಿನ ಗದ್ದೆಗಳನ್ನು ಕಾಯಲು ಕಟ್ಟಿದ ಕೋಟೆಗೋಡೆ ಇವತ್ತಿಗೂ ಸುಮಾರು 5.5 ಕಿ.ಮೀ. ನಿಂತಿದೆ. ಅಂದಿನ ಡುಬ್ರೊವ್ನಿಕ್ ಗಣರಾಜ್ಯಕ್ಕೆ ಉಪ್ಪು ಎಷ್ಟು ಮುಖ್ಯವಾಗಿತ್ತು ಅನ್ನೋದು ಆ ಗೋಡೆ ನೋಡಿದರೇ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಕಟಮರಾನ್, ಮೋಸ್ತಾರ್ ಇಲ್ಲ. ಡುಬ್ರೊವ್ನಿಕ್‌ನ ಕೋಟೆಗೋಡೆ ಹತ್ತಲು ಯಾವ ಹೊತ್ತು?

ಉತ್ತರ 3:
ಬಾಗಿಲು ತೆರೆದ ಕೂಡಲೇ, ಇಲ್ಲವೇ ಮುಚ್ಚುವ ಎರಡು ಗಂಟೆ ಮೊದಲು. ಸುತ್ತು 1,940 ಮೀಟರ್, ನೆರಳು ಇಲ್ಲವೆಂದೇ ಹೇಳಬೇಕು. ಒಂದೇ ದಿಕ್ಕಿನಲ್ಲಿ ನಡೆಯಬೇಕು. ಪೀಲೆ ಬಾಗಿಲಲ್ಲಿ ಗುಂಪು ಕಂಡರೆ ಪ್ಲೋಚೆ ಬಾಗಿಲ ಕಡೆಯಿಂದ ಹತ್ತಿ. ಪ್ರತ್ಯೇಕ ಟಿಕೆಟ್ ತೆಗೆಯುವ ಮೊದಲು ಡುಬ್ರೊವ್ನಿಕ್ ಪಾಸ್ ಬೆಲೆ ಹೋಲಿಸಿ. ಗೋಡೆ, ಮ್ಯೂಸಿಯಂ, ಊರ ಬಸ್ಸು ಅದರಲ್ಲೇ ಬರುತ್ತವೆ.

ಮೇಲಿಂದ ಹೆಂಚುಗಳ ಬಣ್ಣ ನೋಡಿ. ಕಡುಕೆಂಪಾಗಿ ಹೊಳೆಯುವವು ಯುಗೊಸ್ಲಾವಿಯಾ ಒಡೆದಾಗಿನ ಯುದ್ಧದಲ್ಲಿ, 1991–92ರ ಮುತ್ತಿಗೆಯಲ್ಲಿ ಒಡೆದದ್ದಕ್ಕೆ ಬದಲು ಹಾಕಿದವು, ಮಾಸಿದವು ಹಳೆಯವು. ಇಳಿದ ಮೇಲೆ ಒನೊಫ್ರಿಯೊ ಕಾರಂಜಿಯಲ್ಲಿ ಬಾಟಲಿ ತುಂಬಿಸಿಕೊಳ್ಳಿ, ಕುಡಿಯುವ ನೀರೇ. ಸ್ತ್ರಾದೂನ್ ಬೀದಿಯ ಸುಣ್ಣಕಲ್ಲು ಸವೆದು ಕನ್ನಡಿಯಾಗಿದೆ. ಮಳೆ ಬಿದ್ದರೆ ನುಣುಪು ತಳದ ಚಪ್ಪಲಿ ಜಾರುತ್ತದೆ.

ಈಜುವುದಿದ್ದರೆ ರಬ್ಬರ್ ಶೂ ಒಯ್ಯಿರಿ. ಅಲ್ಲಿ ಮರಳಿಗಿಂತ ಉರುಟುಕಲ್ಲೇ ಹೆಚ್ಚು, ಬಂಡೆಗಳ ಮೇಲೆ ಸೀ ಅರ್ಚಿನ್ ಎಂಬ ಸಮುದ್ರಜೀವಿಯ ಮುಳ್ಳು ಕಾದಿರುತ್ತದೆ.