ಅಪ್‌ಡೇಟ್: ತಿರುಗದ ಇಗ್ನಿಷನ್ ಕೀಗೆ ಕೊನೆಗೂ ಸಿಕ್ಕ ಪರಿಹಾರ

ನನ್ನ ಹಳೆಯ ಕಾರಿನ ಇಗ್ನಿಷನ್ ಲಾಕ್‌ನೊಳಗೆ ಕೀ ಹೋದರೂ ಬಹಳ ಸಲ ತಿರುಗುವುದಿಲ್ಲವೆಂದು ಹೇಳಿ ಪರಿಹಾರ ಕೇಳಿದ್ದೆ. ಲಾಕ್ ಸಿಲಿಂಡರನ್ನೇ (ಕೀ ಹೊಕ್ಕು ತಿರುಗುವ ಭಾಗ) ಬದಲಾಯಿಸಿ ಎಂದವರ ಸಲಹೆಯೇ ಫಲಿಸಿತು. ಈಗ ಕೀ ಸರಾಗವಾಗಿ ತಿರುಗುತ್ತಿದೆ.

ಸ್ಟೀರಿಂಗನ್ನು ಅತ್ತಿತ್ತ ಅಲುಗಾಡಿಸುತ್ತ ಕೀ ತಿರುಗಿಸುವ ಉಪಾಯ ಪ್ರಯೋಜನಕ್ಕೆ ಬರಲಿಲ್ಲ, ಏಕೆಂದರೆ ಅದು ಸ್ಟೀರಿಂಗ್ ಲಾಕ್ (ಕೀ ತೆಗೆದಾಗ ಸ್ಟೀರಿಂಗ್ ತಿರುಗದಂತೆ ಹಿಡಿಯುವ ಬೀಗ) ಬಿಗಿದುಕೊಂಡಾಗ ಮಾತ್ರ ನೆರವಾಗುತ್ತದೆ. ಲಾಕ್ ನುಣುಪಾಗಲೆಂದು ಹಾಕಿದ ಗ್ರಾಫೈಟ್ ಪುಡಿಯ ಗುಣ ಹೆಚ್ಚು ಕಾಲ ಉಳಿಯಲಿಲ್ಲ. ಸವೆದ ಕೀಯನ್ನೇ ಮಾದರಿಯಾಗಿಟ್ಟು ಮಾಡಿಸಿದ ನಕಲಿಗೂ ಅದೇ ಸವೆತ ಬಂದಿತ್ತು; ನಕಲು ಬೇಕಿದ್ದವರು ಕೀ ಕೋಡ್‌ನಿಂದಲೇ (ಮೂಲ ಕೀಯ ಹಲ್ಲುಗಳ ಅಳತೆ ಸೂಚಿಸುವ ಸಂಕೇತ) ಕತ್ತರಿಸಿಕೊಳ್ಳುವುದು ಒಳ್ಳೆಯದು.

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಸ್ಟೀರಿಂಗ್ ಕಾಲಂನ ಪ್ಲಾಸ್ಟಿಕ್ ಕವಚ ತೆಗೆದು, ಕೀಯನ್ನು ಎಸಿಸಿ ಸ್ಥಾನಕ್ಕೆ (ಎಂಜಿನ್ ಚಾಲೂ ಆಗದೆ ರೇಡಿಯೋದಂಥವು ಮಾತ್ರ ನಡೆಯುವ ಸ್ಥಾನ) ತಿರುಗಿಸಿ, ಸಣ್ಣ ರಂಧ್ರದೊಳಗಿನ ಪಿನ್ನನ್ನು ಒತ್ತಿ ಹಿಡಿದಾಗ ಮಾತ್ರ ಸಿಲಿಂಡರ್ ಹೊರಬಂತು. ಆದ್ದರಿಂದ ಕೀ ಅಪರೂಪಕ್ಕಾದರೂ ತಿರುಗುತ್ತಿರುವಾಗಲೇ ಈ ಕೆಲಸಕ್ಕೆ ಕೈಹಾಕುವುದು ಜಾಣತನ. ಪೂರ್ತಿ ನಿಂತುಹೋದರೆ ಡ್ರಿಲ್ ಹಿಡಿಯುವ ಪ್ರಸಂಗ ಬರಬಹುದು. (ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿ ಕಳಚಿದ ಮೇಲೆ ಕೈಪಿಡಿ ಹೇಳುವಷ್ಟು ಹೊತ್ತು ಕಾಯಲೇಬೇಕು.)

ನನಗೆ ಅಚ್ಚರಿಯೆನಿಸಿದ್ದು ಸಿಲಿಂಡರಿನ ಒಳರಚನೆ: ಸ್ಪ್ರಿಂಗ್‌ಗಳ ಮೇಲೆ ಕುಳಿತಿರುವ ತೆಳುವಾದ ಲೋಹದ ಬಿಲ್ಲೆಗಳು ಬೇರೆ ಬೇರೆ ಎತ್ತರದಲ್ಲಿರುತ್ತವೆ, ಕೀಯ ಹಲ್ಲುಗಳು ಅವನ್ನೆಲ್ಲ ಒಂದೇ ಮಟ್ಟಕ್ಕೆ ತಂದರಷ್ಟೇ ಲಾಕ್ ತಿರುಗುತ್ತದೆ. ಕೀ ಕುಶಲಕರ್ಮಿಯೊಬ್ಬರು ಹೊಸ ಸಿಲಿಂಡರಿನ ಬಿಲ್ಲೆಗಳನ್ನು ಮೂಲ ಕೋಡಿಗೆ ಹೊಂದಿಸಿ ಜೋಡಿಸಿಕೊಟ್ಟಿದ್ದರಿಂದ, ಬಾಗಿಲಿಗೂ ಇಗ್ನಿಷನ್‌ಗೂ ಒಂದೇ ಕೀ ಉಳಿಯಿತು. ಹಿಂಬದಿಯ ವಿದ್ಯುತ್ ಸ್ವಿಚ್ ಬೇರೆಯೇ ಬಿಡಿಭಾಗ. ಅದು ಸುಸ್ಥಿತಿಯಲ್ಲಿದ್ದುದರಿಂದ ಮುಟ್ಟಲಿಲ್ಲ.