ಪ್ರಶ್ನೋತ್ತರ: ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ, ಮಳೆಗಾಲ ಅಲ್ವಾ ಅಂತಾರೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಹೋಗಿ ಕರಾವಳಿಯ ಹಳ್ಳಿಗಳಲ್ಲಿ ಮನೆ ಮಾಡಿದವರ ಗುಂಪು ಇದು. ಇವತ್ತು ಭಾನುವಾರ, ಕರೆಂಟಿನ ವಿಷಯ. ಉತ್ತರ ಕೊಡುವವರು ನಮ್ಮ ವೈರಿಂಗ್ ಅಣ್ಣ. 11 ವರ್ಷ ಕುಮಟಾ, ಹೊನ್ನಾವರ ಕಡೆ ಕೆಲಸ ಮಾಡಿ ಈಗ ದಾವಣಗೆರೆಯಲ್ಲಿ ಅಂಗಡಿ ಇಟ್ಟಿದ್ದಾರೆ. ಯಾವ ಕಂಪನಿ ಒಳ್ಳೆಯದು ಅಂತ ಕೇಳಬೇಡಿ, ಹೇಳುವುದಿಲ್ಲ. ಫಾರ್ವರ್ಡ್ ಹಾಕಬೇಡಿ.

ಹರಿಹರದವ (ಈಗ ಬೈಂದೂರು ಹತ್ತಿರ): ಅಣ್ಣ, ಬಂದು ಎಂಟು ತಿಂಗಳಾಯಿತು. ಗಾಳಿ ಮಳೆ ಶುರುವಾದರೆ ಕರೆಂಟ್ ಹೋಗಿ ಬಂದು ಮಾಡುತ್ತದೆ. ಇನ್ವರ್ಟರ್ ಯಾವುದು ತಗೊಳ್ಳಲಿ?

ವೈರಿಂಗ್ ಅಣ್ಣ: ಮೊದಲು ಲೆಕ್ಕ ಹಾಕಿ. ಎರಡು ಫ್ಯಾನು, ನಾಲ್ಕು ಎಲ್‌ಇಡಿ ಬಲ್ಬು, ವೈಫೈ ಡಬ್ಬಿ. ಇಷ್ಟಕ್ಕೆ 200 ವ್ಯಾಟ್ ಆಸುಪಾಸು. 150 ಎಎಚ್ ಬ್ಯಾಟರಿ ಒಂದಿದ್ದರೆ ಸುಮಾರು 5 ಗಂಟೆ ಓಡುತ್ತದೆ. ಬ್ಯಾಟರಿಗೆ ಬಾವಿ ನೀರು ಹಾಕಬೇಡಿ, ಡಿಸ್ಟಿಲ್ಡ್ ವಾಟರ್ ಮಾತ್ರ. ಉಪ್ಪು ಗಾಳಿಗೆ ಟರ್ಮಿನಲ್ ಬೇಗ ಹಸಿರುಗಟ್ಟುತ್ತದೆ. ಒರೆಸಿ, ಪೆಟ್ರೋಲಿಯಂ ಜೆಲ್ಲಿ ಸವರಿ.

ಹಳೇ ದುರ್ಗ: ಸರ್, ಅಂಕೋಲಾ ಹತ್ತಿರ ಸೈಟ್ ತಗೊಂಡು ಮನೆ ಕಟ್ಟಿದ್ದೇವೆ. ಅಲ್ಲಿನ ಮಳೆಗೆ ಸೋಲಾರ್ ವಾಟರ್ ಹೀಟರ್ ಹಾಕಿಸಿದರೆ ದುಡ್ಡು ದಂಡವಾ?

ಹೊನ್ನಾಳಿ ಟೀಚರ್ (ಈಗ ಕುಮಟಾ ತಾಲೂಕು): ಅಣ್ಣ ನಮಸ್ಕಾರ. ಜೂನ್‌ನಲ್ಲಿ ವರ್ಗ ಆಗಿ ಬಂದೆವು. ಬಾಡಿಗೆಗೆ ಹಂಚಿನ ಮನೆ, ಪಕ್ಕದಲ್ಲೇ ಮಾಲೀಕರ ಮನೆ. ವಾಷಿಂಗ್ ಮಷಿನ್ ಮೂರೇ ತಿಂಗಳಿಗೆ ಕೆಳಗೆಲ್ಲಾ ತುಕ್ಕು ಹಿಡಿದಿದೆ. ಕವರ್ ಹಾಕಿದರೆ ಸಾಕಾ? ಇನ್ನೊಂದು, ದೊಡ್ಡ ವಿಷಯ ಏನಲ್ಲ, ಬಚ್ಚಲಿನ ನಲ್ಲಿ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದೆ. ಮಳೆಗಾಲದಲ್ಲಿ ಹಾಗೇ ಅಂತ ಇಲ್ಲಿಯವರು ಹೇಳಿದರು.

ವೈರಿಂಗ್ ಅಣ್ಣ: ತಂಗಿ, ಮಷಿನ್ನಿನ ತುಕ್ಕು ಹಾಳಾಗಿ ಹೋಗಲಿ. ಆ ನಲ್ಲಿಯನ್ನು ಇವತ್ತು ಯಾರೂ ಮುಟ್ಟಬೇಡಿ. ಮನೆಯಲ್ಲಿ ಮಕ್ಕಳಿದ್ದಾರಾ? ಜುಮ್ ಅನ್ನುವುದು ಇಡೀ ದಿನವಾ, ಯಾವುದೋ ಹೊತ್ತಿಗೆ ಮಾತ್ರವಾ? ಪೈಪು ಕಬ್ಬಿಣದ್ದಾ, ಪ್ಲಾಸ್ಟಿಕ್ಕಾ? ನೀರು ಎಲ್ಲಿಂದ ಬರುತ್ತದೆ? ಇಷ್ಟು ಹೇಳಿ.

ಜಗಳೂರು ಹುಡುಗ: ಅಣ್ಣ ನನಗೂ ಇನ್ವರ್ಟರ್ ಬೇಕು, ಯಾವ ಕಂಪನಿ?

ವೈರಿಂಗ್ ಅಣ್ಣ: ಮೇಲೆ ನೋಡಿ.

ಹೊನ್ನಾಳಿ ಟೀಚರ್: ನಾಲ್ಕು ವರ್ಷದ ಮಗಳಿದ್ದಾಳೆ ಅಣ್ಣ. ಬೆಳಿಗ್ಗೆ ಆರೂವರೆಗೆ ಸ್ನಾನಕ್ಕೆ ಹೋದಾಗ ಆಗುತ್ತದೆ, ಸಂಜೆ ಒಂದೊಂದು ಸಲ. ಮಧ್ಯಾಹ್ನ ಇಲ್ಲ. ಪೈಪು ಹಳೇ ಕಬ್ಬಿಣದ್ದು. ನೀರು ಬಾವಿಯಿಂದ ಮಾಲೀಕರ ತಾರಸಿ ಟ್ಯಾಂಕಿಗೆ ಹೋಗಿ ನಮಗೆ ಬರುತ್ತದೆ. ನಮ್ಮ ಮನೆಯವರು ಮೇನ್ ಸ್ವಿಚ್ ಆಫ್ ಮಾಡಿ ಟೆಸ್ಟರ್ ಇಟ್ಟು ನೋಡಿದರು. ಆಗಲೂ ಉರಿಯಿತು! ಅದಕ್ಕೇ ಟೆಸ್ಟರ್ ಕೆಟ್ಟಿದೆ ಅಂದುಕೊಂಡೆವು.

ವಿದ್ಯಾನಗರ ಅಜ್ಜ: *ಫಾರ್ವರ್ಡ್ ಆಗಿದೆ:* ಮನೆಯಲ್ಲಿ ಶಾಕ್ ಹೊಡೆಯುತ್ತಿದೆಯೇ? ವಾರಕ್ಕೊಮ್ಮೆ ಅರ್ಥ್ ಗುಂಡಿಗೆ ಎರಡು ಕೆಜಿ ಕಲ್ಲುಪ್ಪು ಸುರಿಯಿರಿ. ಸ್ವಿಚ್ ಬೋರ್ಡಿಗೆ ಕೊಬ್ಬರಿ ಎಣ್ಣೆ ಸವರಿರಿ. ರಬ್ಬರ್ ಚಪ್ಪಲಿ ಹಾಕಿ ಸ್ನಾನ ಮಾಡಿರಿ. ಹತ್ತು ಜನಕ್ಕೆ ಕಳಿಸಿ, ಪ್ರಾಣ ಉಳಿಸಿ.

ವೈರಿಂಗ್ ಅಣ್ಣ: ಅಜ್ಜಾರೆ, ದೊಡ್ಡವರು ನೀವು, ಆದರೆ ಇದು ಪ್ರಾಣ ಉಳಿಸುವುದಿಲ್ಲ. ಬೋರ್ಡಿಗೆ ಎಣ್ಣೆ ಹಚ್ಚಿದರೆ ಧೂಳು ಕೂತು ಒಂದು ದಿನ ಹೊತ್ತಿಕೊಳ್ಳುತ್ತದೆ. ಚಪ್ಪಲಿ ಹಾಕಿ ಸ್ನಾನ ಮಾಡಿದರೆ ಕಾಯಿಲೆ ಮುಚ್ಚಿಟ್ಟ ಹಾಗೆ. ಒದ್ದೆ ಗೋಡೆಗೆ ಒಂದು ಕೈ ತಾಗಿದರೆ ಮುಗಿಯಿತು.

ಟೀಚರಮ್ಮ, ಟೆಸ್ಟರ್ ಕೆಟ್ಟಿಲ್ಲ ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಮನೆಯ ಮೇನ್ ಆಫ್ ಮಾಡಿದ ಮೇಲೂ ಕರೆಂಟ್ ಇದೆ ಅಂದರೆ ಅದು ನಿಮ್ಮ ಮೀಟರಿನದ್ದಲ್ಲ. ಪೈಪಿನ ದಾರಿಯಲ್ಲಿ ಬಂದಿದೆ. ಬೆಳಿಗ್ಗೆ ಆರೂವರೆ, ಸಂಜೆ ಒಂದೊಂದು ಸಲ. ಟ್ಯಾಂಕ್ ತುಂಬಿಸುವ ಹೊತ್ತು ಅಲ್ವಾ ಅದು? ಮಾಲೀಕರ ಬಾವಿ ಪಂಪು ಓಡುವಾಗ ಮಾತ್ರ ನಿಮ್ಮ ನಲ್ಲಿಗೆ ಜೀವ ಬರುತ್ತಿದೆ. ನಾನು ಆ ಕಡೆ ಇದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಪಂಪಿನ ವೈರಿಗೆ ಜಾಯಿಂಟ್ ಮಾಡಿ ಮೇಲೆ ಸಾದಾ ಟೇಪು ಸುತ್ತಿರುತ್ತಾರೆ. ಅದು ನೀರಿನಲ್ಲಿ ಮುಳುಗಿರುತ್ತದೆ. ಅರ್ಥ್ ವೈರನ್ನು ಗುಂಡಿಗೆ ಒಯ್ಯುವ ಬದಲು ಹತ್ತಿರ ಸಿಕ್ಕಿದ ಕಬ್ಬಿಣದ ಪೈಪಿಗೆ ಕಟ್ಟಿ ಎದ್ದು ಹೋಗಿರುತ್ತಾರೆ. ಪಂಪಿನಲ್ಲಿ ಕರೆಂಟ್ ಲೀಕ್ ಆದರೆ ಅದು ಮಣ್ಣಿಗೆ ಹೋಗದೆ ನಿಮ್ಮ ಬಚ್ಚಲಿಗೆ ಬರುತ್ತದೆ.

ಫ್ಯೂಸ್ ಯಾಕೆ ಹೋಗಲ್ಲ ಅಂತ ಕೇಳುತ್ತೀರಿ. ಲೆಕ್ಕ ನೋಡಿ. ನಮ್ಮಲ್ಲಿ ಎರೆ ಮಣ್ಣು ಇರುವ ಕಡೆ ನೆಲ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅರ್ಥಿಂಗ್ ಚೆನ್ನಾಗಿ ಕೂರುತ್ತದೆ. ಅಲ್ಲಿನ ಚಿರೆಕಲ್ಲಿನ ನೆಲ ಹಾಗಲ್ಲ. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿದರೂ ನೀರು ಇಳಿದು ಹೋಗುತ್ತದೆ, ಏಪ್ರಿಲ್ ಹೊತ್ತಿಗೆ ಒಣಗಿ ಇಟ್ಟಿಗೆ ಆಗಿರುತ್ತದೆ. ಅಂಥ ಕಡೆ ಅರ್ಥಿನ ರೆಸಿಸ್ಟೆನ್ಸ್ 50 ಓಮ್ ಇದೆ ಅಂದುಕೊಳ್ಳಿ. 230 ವೋಲ್ಟ್ ಪೂರ್ತಿ ಅದಕ್ಕೆ ಬಿದ್ದರೂ ಹರಿಯುವುದು 4.6 ಆಂಪಿಯರ್. ಫ್ಯೂಸಿನ ಬದಲು ಹಾಕುವ 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಎಂಸಿಬಿ ಇರುವುದು ವೈರ್ ಸುಡದಂತೆ ಕಾಯಲು, ಮನುಷ್ಯರನ್ನು ಕಾಯಲು ಅಲ್ಲ. ಮನುಷ್ಯನಿಗೆ ಒಂದು ಆಂಪಿಯರಿನ ನೂರರಲ್ಲೊಂದು ಪಾಲು ಹರಿದರೂ ಹಿಡಿದ ಕೈ ಬಿಡಿಸಿಕೊಳ್ಳುವುದು ಕಷ್ಟ. ಇವತ್ತು ಜುಮ್ ಅಂದದ್ದು ನಾಳೆ ಆ ಜಾಯಿಂಟ್ ಇನ್ನಷ್ಟು ಬಿಟ್ಟರೆ ಜುಮ್ ಅನ್ನುವಷ್ಟಕ್ಕೆ ನಿಲ್ಲಲ್ಲ. ಒದ್ದೆ ನೆಲ, ಬರಿಗಾಲು, ನಾಲ್ಕು ವರ್ಷದ ಮಗು. ನನಗೆ ಹೆದರಿಕೆ ಆಗುತ್ತಿದೆ, ಸುಮ್ನೆ ಹೇಳುತ್ತಿಲ್ಲ.

ಈಗ ಮಾಡಬೇಕಾದ್ದು: ಮಾಲೀಕರಿಗೆ ಹೇಳಿ ಪಂಪಿನ ಸ್ವಿಚ್ ಆಫ್ ಮಾಡಿಸಿ, ಫ್ಯೂಸ್ ಕಿತ್ತಿಡಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಅವರ ಹತ್ತಿರ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಇರಬೇಕು, ಬರೀ ಟೆಸ್ಟರ್ ಸಾಲದು. ನಿಮ್ಮ ಯಜಮಾನರಿಗೆ ಹೇಳಿ, ಇನ್ನೊಂದು ಸಲ ಪರೀಕ್ಷೆ ಮಾಡುವ ಸಾಹಸ ಬೇಡ.

ಹರಿಹರದವ: ಟೀಚರ್ ಮನೆಗೆ ಒಂದು ಆರ್‌ಸಿಸಿಬಿ ಹಾಕಿಸಿದರೆ ಆಯ್ತಲ್ಲ ಅಣ್ಣ?

ವೈರಿಂಗ್ ಅಣ್ಣ: ಇಲ್ಲ. ಒಳ್ಳೆ ಪ್ರಶ್ನೆ, ಅದಕ್ಕೇ ಹೇಳುತ್ತೇನೆ. ಆರ್‌ಸಿಸಿಬಿ ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ ಅಂತ ತೂಗಿ ನೋಡುತ್ತದೆ. 30 ಮಿಲಿ ಆಂಪಿಯರ್ ಕಮ್ಮಿ ಬಂದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕತ್ತರಿಸುತ್ತದೆ. ಆದರೆ ತನ್ನ ಮೂಲಕ ಹೋದ ಕರೆಂಟಿನ ಲೆಕ್ಕ ಮಾತ್ರ ಅದಕ್ಕೆ ಗೊತ್ತು. ಇವರ ನಲ್ಲಿಗೆ ಬರುವ ಕರೆಂಟು ಮಾಲೀಕರ ಮೀಟರಿನದ್ದು. ಇವರ ಮನೆಯಲ್ಲಿ ಹತ್ತು ಹಾಕಿದರೂ ಒಂದೂ ಬೀಳಲ್ಲ. ಅದು ಮಾಲೀಕರ ಬೋರ್ಡಿನಲ್ಲಿ ಇರಬೇಕು.

ಮಾಯಕೊಂಡ: ಬಾಡಿಗೆ ಮನೆಗೆ ನಾವ್ಯಾಕೆ ಖರ್ಚು ಮಾಡಬೇಕು? ಮಾಲೀಕರು ಮಾಡಿಸಲಿ.

ಜಗಳೂರು ಹುಡುಗ: ಆ ಕಡೆಯ ಮಾಲೀಕರಾ? ಬಾಡಿಗೆ ಸರಿಯಾಗಿ ಎಣಿಸಿಕೊಳ್ಳುತ್ತಾರೆ. ರಿಪೇರಿ ಅಂದರೆ "ಹಾಂ ಮಾಡುವ, ಮಾಡುವ". ಹೇಳಿದರೂ ಅರ್ಥ ಆಗಲ್ಲ ಅವರಿಗೆ.

ಕುಂದಾಪುರದ ಸೊಸೆ (ದಾವಣಗೆರೆ): ಎಂತ ಮಾರಾಯ್ರೆ, ಹಾಗಾದರೆ ದಾವಣಗೆರೆಯ ಮಾಲೀಕರೆಲ್ಲ ದೇವರಾ? ನಾನು ಇಲ್ಲಿಗೆ ಬಂದು ಆರು ವರ್ಷ ಆಯಿತು. ಮೊದಲ ಮನೆಯಲ್ಲಿ ನಲ್ಲಿ ಸೋರುವುದನ್ನು ರಿಪೇರಿ ಮಾಡಿಸಲು ಒಂದು ವರ್ಷ ಕೇಳಿದೆ.

ಜಗಳೂರು ಹುಡುಗ: ಅಕ್ಕಾ, ನಾನು ನಿಮಗೆ ಹೇಳಿದ್ದಲ್ಲ. ಆದರೆ ಮಂಡಕ್ಕಿ ಕಟ್ಟು ಬಿಚ್ಚಿ ಅರ್ಧ ಗಂಟೆಗೆ ಹತ್ತಿ ಆಗುವ ಊರಲ್ಲಿ ಇದ್ದು ನೋಡಿದರೆ ಗೊತ್ತಾಗುತ್ತೆ. ಒಂದು ಗಿರ್ಮಿಟ್ ತಿನ್ನಲಿಕ್ಕೂ ಗತಿ ಇಲ್ಲ.

ಕುಂದಾಪುರದ ಸೊಸೆ: ಡಬ್ಬಿಯಲ್ಲಿ ಹಾಕಿಡಬೇಕು, ಅದೂ ಗೊತ್ತಿಲ್ಲವಾ? ಆ ಊರಿನ ಮೀನು ಸಾರು ಬೇಕು, ಊರಿನವರು ಬೇಡ.

ಮಾಯಕೊಂಡ: ನಾವು ಲಿಂಗಾಯತರು ಅಕ್ಕಾ, ಮೀನು ತಿನ್ನಲ್ಲ.

ಕುಂದಾಪುರದ ಸೊಸೆ: ನಿಮಗೆ ಹೇಳಿದ್ದಲ್ಲ!

ಅಡ್ಮಿನ್: ಕರೆಂಟಿನ ವಿಷಯ ಮಾತ್ರ ದಯವಿಟ್ಟು.

ಹಳೇ ದುರ್ಗ: ಸೋಲಾರ್ ಬಗ್ಗೆ ಕೇಳಿದ್ದೆ ಸರ್.

ಚನ್ನಗಿರಿ ಅಡಿಕೆ (ಈಗ ಹೊನ್ನಾವರ): ಅಣ್ಣ, ಭಾವನ ತೋಟ ನೋಡಿಕೊಳ್ಳುತ್ತಿದ್ದೇನೆ. ಅಡಿಕೆ ಕೊಯ್ಯಲು ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ತರಿಸಿದೆವು. ಅಲ್ಯೂಮಿನಿಯಂ ದೋಟಿಯ ಹಾಗೆ ಇದಕ್ಕೆ ಶಾಕ್ ಹೊಡೆಯಲ್ಲ ಅಂತ ವಿಡಿಯೋ ಬಂದಿದೆ. ತೋಟದ ಮೇಲೆ ಲೈನ್ ಹಾದು ಹೋಗಿದೆ.

ವೈರಿಂಗ್ ಅಣ್ಣ: ಆ ವಿಡಿಯೋ ಮಾಡಿದವನನ್ನೇ ದೋಟಿ ಕೊಟ್ಟು ಲೈನಿನ ಕೆಳಗೆ ನಿಲ್ಲಿಸಬೇಕು. ಕಾರ್ಬನ್ ಕರೆಂಟ್ ಹರಿಸುತ್ತದೆ. ದೋಟಿ ಯಾವುದೇ ಇರಲಿ, ಒದ್ದೆ ಬಿದಿರೂ ಅಷ್ಟೇ, ಲೈನಿನ ಹತ್ತಿರದ ಮರ ಮುಟ್ಟಬೇಡಿ. ಕೊಯ್ಯಲೇಬೇಕು ಅಂದರೆ ಸೆಕ್ಷನ್ ಆಫೀಸಿಗೆ ಹೇಳಿ ಲೈನ್ ಆಫ್ ಮಾಡಿಸಿ. ನಿಮ್ಮದು ಹೆಸ್ಕಾಂ, ಬೈಂದೂರಿನವರದ್ದು ಮೆಸ್ಕಾಂ, ಎರಡಕ್ಕೂ 1912. ತೆಂಗಿನ ಮಡಲು ಬಿದ್ದು ತಂತಿ ಹರಿದರೂ ಅದೇ ನಂಬರ್. ಹತ್ತಿರ ಹೋಗಬೇಡಿ.

ವಿದ್ಯಾನಗರ ಅಜ್ಜ: *ಫಾರ್ವರ್ಡ್ ಆಗಿದೆ:* ಗುಡುಗು ಮಿಂಚು ಬಂದಾಗ ಜೇಬಿನ ಮೊಬೈಲ್ ಸಿಡಿಲನ್ನು ಎಳೆಯುತ್ತದೆ, ಕೂಡಲೇ ಸ್ವಿಚ್ ಆಫ್ ಮಾಡಿ...

ವೈರಿಂಗ್ ಅಣ್ಣ: ಎಳೆಯಲ್ಲ. ಚಾರ್ಜಿಗೆ ಹಾಕಿ ಮಾತಾಡಬೇಡಿ, ಅಷ್ಟೇ. ಟಿವಿ, ವೈಫೈ ಪ್ಲಗ್ ಕಿತ್ತಿಡಿ. ಡಿಶ್ ವೈರನ್ನೂ. ಅಜ್ಜಾರೆ, ಇದು ಎರಡನೇ ಸಲ.

ಮಾಯಕೊಂಡ: ನಮ್ಮ ಮನೆಯಲ್ಲಿ ಜೋರು ಮಳೆ ಬಂದರೆ ಆರ್‌ಸಿಸಿಬಿ ಬೀಳುತ್ತಿತ್ತು ಸರ್. ಕಿರಿಕಿರಿ ಅಂತ ಎಲೆಕ್ಟ್ರಿಷಿಯನ್ ಅದನ್ನು ಬೈಪಾಸ್ ಮಾಡಿ ಕೊಟ್ಟ. ಈಗ ಆರಾಮ.

ವೈರಿಂಗ್ ಅಣ್ಣ: ಏನು ಆರಾಮ? ನಾಯಿ ಬೊಗಳುತ್ತದೆ ಅಂತ ನಾಯಿಯನ್ನು ಓಡಿಸಿದ್ದೀರಿ, ಕಳ್ಳ ಒಳಗೇ ಇದ್ದಾನೆ. ಗೇಟಿನ ಲೈಟು, ಹೊರಗಿನ ಪ್ಲಗ್ಗು, ಇವುಗಳಲ್ಲಿ ಎಲ್ಲೋ ನೀರು ಇಳಿದಿದೆ. ಒಂದೊಂದೇ ಲೈನ್ ಆಫ್ ಮಾಡಿ ನೋಡಿದರೆ ಅರ್ಧ ಗಂಟೆಯ ಕೆಲಸ. ನಾಳೆಯೇ ವಾಪಸ್ ಹಾಕಿಸಿ. ಹಾಕಿಸಿದ ಮೇಲೆ ಅದರಲ್ಲಿ "ಟಿ" ಅಂತ ಬಟನ್ ಇದೆ, ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಅದು ಬರೀ ಡಬ್ಬಿ.

ಮಾಯಕೊಂಡ: ಸ್ವಲ್ಪ ಸಮಾಧಾನವಾಗಿ ಹೇಳಬಹುದಿತ್ತು.

ವೈರಿಂಗ್ ಅಣ್ಣ: ಬೆಳಿಗ್ಗೆಯಿಂದ ಸಮಾಧಾನವಾಗೇ ಹೇಳುತ್ತಿದ್ದೇನೆ.

ನ್ಯಾಮತಿ: ಅಣ್ಣ, ಇನ್ವರ್ಟರ್ ಯಾವುದು...

ವೈರಿಂಗ್ ಅಣ್ಣ: ಮೇಲೆ.

ಜಗಳೂರು ಹುಡುಗ: ಟೀಚರ್‌ಗೆ ನನ್ನದೊಂದು ಐಡಿಯಾ. ನಲ್ಲಿಗೆ ತಾಮ್ರದ ತಂತಿ ಕಟ್ಟಿ ಹಿತ್ತಲ ಮಣ್ಣಿಗೆ ಊರಿದರೆ ಕರೆಂಟ್ ಅಲ್ಲೇ ಇಳಿದು ಹೋಗುತ್ತದೆ. ನಾನು ಹಾಗೇ ಮಾಡಿಕೊಂಡಿದ್ದೇನೆ.

ವೈರಿಂಗ್ ಅಣ್ಣ: ಎಲ್ಲಿ ಮಾಡಿಕೊಂಡಿದ್ದೀಯಪ್ಪಾ? ನಿನ್ನ ನಲ್ಲಿಯೂ ಜುಮ್ ಅನ್ನುತ್ತಿತ್ತಾ? ಅದನ್ನು ಮೊದಲು ಕೇಳುವುದು ಬಿಟ್ಟು ಇನ್ವರ್ಟರ್ ಕೇಳಿದೆಯಲ್ಲ! ಒಂದು ಗೇಣು ತಂತಿ ಊರಿದರೆ ಅದು ಅರ್ಥಿಂಗ್ ಆಗಲ್ಲ. ಮೇಲೆ ಬರೆದ ಲೆಕ್ಕ ಓದು. ಯಾವುದೂ ಬೀಳಲ್ಲ, ಲೀಕ್ ಹಾಗೇ ಇರುತ್ತದೆ, ಮೇಲಿಂದ ಆ ತಂತಿಯ ಸುತ್ತಲಿನ ಒದ್ದೆ ನೆಲಕ್ಕೂ ಕರೆಂಟ್ ಬರುತ್ತದೆ. ರಾತ್ರಿ ಫೋನ್ ಮಾಡು, ಮಾತಾಡೋಣ.

ಜಗಳೂರು ಹುಡುಗ: ಆಯ್ತಣ್ಣ.

ಹೊನ್ನಾಳಿ ಟೀಚರ್: ಅಣ್ಣ, ಸಂಜೆ ಆಯಿತು ಹೇಳಲಿಕ್ಕೆ. ಮಾಲೀಕರು ಮೊದಲು ಒಪ್ಪಲಿಲ್ಲ, ಅಪ್ಪನ ಕಾಲದಿಂದ ಹೀಗೇ ಇದೆ ಅಂದರು. ನೀವು ಬರೆದದ್ದನ್ನು ಓದಿ ಹೇಳಿದೆ. ಎಲೆಕ್ಟ್ರಿಷಿಯನ್ ಕರೆಸಿದರು. ನೀವು ಹೇಳಿದ ಹಾಗೇ ಇದೆ. ಪಂಪಿನ ಅರ್ಥ್ ವೈರ್ ಪೈಪಿಗೆ ಕಟ್ಟಿದ್ದಾರೆ, ಜಾಯಿಂಟಿನ ಟೇಪು ಕೊಳೆತು ಹೋಗಿದೆ. ಫ್ಯೂಸ್ ತೆಗೆದಿಟ್ಟಿದ್ದಾರೆ. ಸದ್ಯ ಹಗ್ಗ ಕೊಡಪಾನದಲ್ಲಿ ಸೇದುತ್ತಿದ್ದೇವೆ. ಅವರ ಬೋರ್ಡಿಗೆ ಆರ್‌ಸಿಸಿಬಿ ನಾಳೆ ತರುತ್ತಾರಂತೆ, 2,000 ರೂಪಾಯಿ ಆಸುಪಾಸು ಅಂದರು. ಅರ್ಧ ನಾವೇ ಕೊಡುತ್ತೇವೆ ಅಂದೆ.

ಮಾಯಕೊಂಡ: ನೀವ್ಯಾಕೆ ಕೊಡಬೇಕು ಟೀಚರ್?

ಹೊನ್ನಾಳಿ ಟೀಚರ್: ಇನ್ನೊಂದು ಅಣ್ಣ. ಅಲ್ಲೇ ನಿಂತಿದ್ದ ಅವರ ಮನೆಯ ಅಮ್ಮ ಒಂದು ಮಾತು ಹೇಳಿದರು. ಕೊಟ್ಟಿಗೆಯ ತೊಟ್ಟಿಗೂ ಅದೇ ಪೈಪಿನ ನಲ್ಲಿ ಇದೆಯಂತೆ. ಅವರ ಹಸು ಎರಡು ತಿಂಗಳಿಂದ ಆ ತೊಟ್ಟಿಗೆ ಬಾಯಿ ಹಾಕಲ್ಲವಂತೆ. ಬಕೆಟಿನಲ್ಲಿ ಕೊಟ್ಟರೆ ಕುಡಿಯುತ್ತದೆ. ದೃಷ್ಟಿ ಆಗಿದೆ ಅಂತ ನಿವಾಳಿಸಿಯೂ ಆಗಿದೆ.

ವೈರಿಂಗ್ ಅಣ್ಣ: ದೃಷ್ಟಿ ಅಲ್ಲ. ನಮಗೆ ಗೊತ್ತೇ ಆಗದಷ್ಟು ಕರೆಂಟ್ ಹಸುವಿಗೆ ಗೊತ್ತಾಗುತ್ತದೆ. ನಾಲ್ಕು ಕಾಲೂ ಒದ್ದೆ ನೆಲದ ಮೇಲೆ, ಮೂತಿ ನೀರಿನಲ್ಲಿ. ನಿಮಗಿಂತ ಮೊದಲೇ ಅದು ಹೇಳಿದೆ. ಈಗ ಫ್ಯೂಸ್ ತೆಗೆದಿದ್ದಾರಲ್ಲ, ಕುಡಿಯುತ್ತದಾ ನೋಡಿ. ಆದರೂ ರಿಪೇರಿ ಮುಗಿಯುವವರೆಗೆ ಅದನ್ನು ಬೇರೆ ಕಡೆ ಕಟ್ಟಲು ಹೇಳಿ. ಯಾರಾದರೂ ಮರೆತು ಫ್ಯೂಸ್ ಹಾಕಿಬಿಟ್ಟರೆ ಕಷ್ಟ.

ಹೊನ್ನಾಳಿ ಟೀಚರ್: ಹೇಳಿ ಬರುತ್ತೇನೆ ಅಣ್ಣ.

ಕುಂದಾಪುರದ ಸೊಸೆ: ನೋಡಿದಿರಾ, ಮಾಲೀಕರು ಮಾಡಿಸಿದರು.

ಜಗಳೂರು ಹುಡುಗ: ಅರ್ಧ ದುಡ್ಡು ಟೀಚರದ್ದು ಅಕ್ಕಾ.

ಹೊನ್ನಾಳಿ ಟೀಚರ್: ಕುಡಿಯಿತು! ತೊಟ್ಟಿಯಲ್ಲೇ. ಅರ್ಧ ಖಾಲಿ ಮಾಡಿತು. ಈಗ ಬಿಚ್ಚಿ ಆಚೆ ಹಲಸಿನ ಮರಕ್ಕೆ ಕಟ್ಟಿದ್ದಾರೆ.

ಹಳೇ ದುರ್ಗ: ಸರ್, ಸೋಲಾರ್...