ಸಹಾಯ ಬೇಕು: ಗಿನಿಪಿಗ್ ಅಂಡಾಶಯದ ಸಿಸ್ಟ್‌ಗೆ ಇಂಜೆಕ್ಷನ್ನಾ, ಆಪರೇಷನ್ನಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನಲ್ಲಿ. ನಮ್ಮ ಹೆಣ್ಣು ಗಿನಿಪಿಗ್ ಚಿನ್ನುಗೆ 4 ವರ್ಷ. ಎರಡೂ ಪಕ್ಕೆಯಲ್ಲಿ ಒಂದೇ ಸಮ ಕೂದಲು ಉದುರಿ ಚರ್ಮ ಕಾಣುತ್ತಿದೆ. ತುರಿಕೆ ಇಲ್ಲ, ಹೊಟ್ಟೂ ಇಲ್ಲ. ಮೊದಲು ಚರ್ಮದ ಹುಳ ಇರಬೇಕು ಅಂತ ಐವರ್‌ಮೆಕ್ಟಿನ್ ಅನ್ನೋ ಹುಳದ ಔಷಧಿ ಕೊಟ್ಟರು, ಏನೂ ಪ್ರಯೋಜನ ಆಗಲಿಲ್ಲ. ಆಮೇಲೆ ಸ್ಕ್ಯಾನ್‌ನಲ್ಲಿ ಎರಡೂ ಅಂಡಾಶಯದಲ್ಲಿ ಸಿಸ್ಟ್ (ನೀರು ತುಂಬಿದ ಚೀಲದಂಥ ಗಡ್ಡೆ) ಕಂಡಿತು. ಸೂಜಿ ಹಾಕಿ ನೀರು ತೆಗೆಸಿದೆವು, ಮತ್ತೆ ತುಂಬಿಕೊಂಡಿದೆ.

ಒಬ್ಬ ಡಾಕ್ಟರ್ ಎಚ್‌ಸಿಜಿ ಹಾರ್ಮೋನ್ ಇಂಜೆಕ್ಷನ್ ಕೊಡೋಣ ಅನ್ನುತ್ತಾರೆ. ಇನ್ನೊಬ್ಬರು ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆಸಿಬಿಡಿ ಅನ್ನುತ್ತಾರೆ. ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಫಾಲಿಕ್ಯುಲರ್ ಸಿಸ್ಟ್ (ಹಾರ್ಮೋನ್ ಸುರಿಸುವ ಬಗೆ) ಆದರೆ ಇಂಜೆಕ್ಷನ್‌ಗೆ ಕುಗ್ಗಬಹುದು, ಸೀರಸ್ ಸಿಸ್ಟ್ (ಹಾರ್ಮೋನ್ ಸುರಿಸದ ಬಗೆ) ಮಾತ್ರ ಜಗ್ಗುವುದಿಲ್ಲವಂತೆ. ರಿಪೋರ್ಟ್‌ನಲ್ಲಿ ಯಾವ ಬಗೆ ಅಂತ ಬರೆದೇ ಇಲ್ಲ! ಕೂದಲು ಉದುರಿದೆ ಅಂದಮೇಲೆ ಹಾರ್ಮೋನಿನ ಕೈವಾಡ ಇರಬೇಕು ಅಲ್ವಾ? ಆದರೆ ಎರಡೂ ಬಗೆ ಒಟ್ಟಿಗೇ ಇರಬಹುದಂತೆ.

ಆಪರೇಷನ್ ಅಂದರೆ ಅರಿವಳಿಕೆಯದೇ ಭಯ. ಎದ್ದಮೇಲೆ ತಿನ್ನದಿದ್ದರೆ ಕರುಳಿನ ಕೆಲಸವೇ ನಿಂತುಬಿಡುತ್ತದೆ. ಸದ್ಯಕ್ಕೆ ಹುಲ್ಲು, ಕೊತ್ತಂಬರಿ ಸೊಪ್ಪು ಗಬಗಬ ತಿನ್ನುತ್ತಿದ್ದಾಳೆ.

ಸುಮ್ನೆ ಇಂಜೆಕ್ಷನ್ನಿಗೆ ಟೈಮ್ ಕಳೆಯದೆ, ಗಟ್ಟಿಯಾಗಿರುವಾಗಲೇ ಆಪರೇಷನ್ ಮಾಡಿಸಲಾ? ಈ ವಯಸ್ಸಿನಲ್ಲಿ ಮಾಡಿಸಿದವರಿದ್ದರೆ, ಆಮೇಲೆ ಹೇಗೆ ಚೇತರಿಸಿಕೊಂಡಿತು ಅಂತ ದಯವಿಟ್ಟು ತಿಳಿಸಿ.